ಒಂದೇ ದರ, ಹೊತ್ತಿನ ದರ, ಗಂಟೆಯ ದರ: ನಿಮ್ಮ ಕರೆಂಟ್ ಬಿಲ್ಲಿಗೆ ಯಾವುದು ಹೊಂದುತ್ತದೆ?

ಕರೆಂಟಿಗೆ ಬೆಲೆ ಕಟ್ಟುವ ಕ್ರಮಗಳು ಮುಖ್ಯವಾಗಿ ಮೂರು. ದಿನವಿಡೀ ಒಂದೇ ದರ ಮೊದಲನೆಯದು. ದಿನವನ್ನು ಮೂರು ನಾಲ್ಕು ಹೊತ್ತುಗಳಾಗಿ ಒಡೆದು ಒಂದೊಂದಕ್ಕೂ ಮೊದಲೇ ದರ ಗೊತ್ತುಮಾಡುವುದು ಎರಡನೆಯದು. ಬಿಲ್ಲಿನಲ್ಲಿ ಟಿಒಡಿ ಎಂದು ಕಾಣುವುದು ಇದೇ. ಸಗಟು ಮಾರುಕಟ್ಟೆಯ ಬೆಲೆ ಏರಿದಂತೆ ಏರಿ, ಇಳಿದಂತೆ ಇಳಿಯುವ, ಗಂಟೆಗೊಮ್ಮೆಯೋ ಅರ್ಧ ಗಂಟೆಗೊಮ್ಮೆಯೋ ಬದಲಾಗುವ ದರ ಮೂರನೆಯದು. ಕರ್ನಾಟಕದ ಮನೆಗಳಿಗೆ ಮೊದಲನೆಯದು ರೂಢಿ. ದೊಡ್ಡ ಕಾರ್ಖಾನೆಗಳು ಎರಡನೆಯದರಲ್ಲಿ ವರ್ಷಗಳಿಂದ ಇವೆ. ಮೂರನೆಯದು ಜರ್ಮನಿ, ಬ್ರಿಟನ್‌ನಂಥ ಕಡೆ ಮನೆಬಾಗಿಲಿಗೇ ಬಂದಿದೆ.

ಇವುಗಳಲ್ಲಿ ಯಾವುದು ಅಗ್ಗ ಎಂದು ದರಪಟ್ಟಿ ನೋಡಿ ಹೇಳಲು ಬರುವುದಿಲ್ಲ. ನಿಮ್ಮ ಲೋಡಿನಲ್ಲಿ, ಅಂದರೆ ಕರೆಂಟ್ ಬಳಕೆಯಲ್ಲಿ, ಎಷ್ಟು ಪಾಲನ್ನು ಒಂದು ಹೊತ್ತಿನಿಂದ ಇನ್ನೊಂದಕ್ಕೆ ಸರಿಸಬಹುದು ಎಂಬುದರ ಮೇಲೆ ಅದು ನಿಂತಿದೆ. ಅದಕ್ಕಿಂತ ಮೊದಲು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಅಗ್ಗದ ಹೊತ್ತು ಈಗ ಜಾಗ ಬದಲಿಸುತ್ತಿದೆ. ಇದನ್ನು ಗಮನಿಸದೆ ಹಳೆಯ ಲೆಕ್ಕದ ಮೇಲೆ ಮೋಟರು, ಟೈಮರು, ಪಾಳಿಗಳನ್ನು ಹೊಂದಿಸಿಕೊಂಡವರು ಮುಂದೆ ನಷ್ಟ ಅನುಭವಿಸುತ್ತಾರೆ.

ಅಗ್ಗದ ಹೊತ್ತು ರಾತ್ರಿಯಿಂದ ಮಧ್ಯಾಹ್ನಕ್ಕೆ

ಕಲ್ಲಿದ್ದಲು ಸ್ಥಾವರವನ್ನು ಬೇಕೆಂದಾಗ ಆರಿಸಿ ಬೇಕೆಂದಾಗ ಹೊತ್ತಿಸಲು ಆಗದು. ಊರೆಲ್ಲ ಮಲಗಿದ ಮೇಲೂ ಅದು ಒಂದು ಮಟ್ಟದಲ್ಲಿ ಉರಿಯುತ್ತಲೇ ಇರಬೇಕು. ಆ ಕಾಲದ ಲೆಕ್ಕದಲ್ಲಿ ರಾತ್ರಿಯ ಕರೆಂಟು ಮಿಕ್ಕ ಸರಕು. ಕರ್ನಾಟಕದ ಎಚ್‌ಟಿ (ಹೈ ಟೆನ್ಷನ್, ಹೆಚ್ಚಿನ ವೋಲ್ಟೇಜಿನ ಸಂಪರ್ಕದ) ಕೈಗಾರಿಕೆಗಳಿಗೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಯೂನಿಟ್ಟಿಗೆ 1 ರೂಪಾಯಿ ಕಡಿತ, ಸಂಜೆ 6ರಿಂದ 10ರವರೆಗೆ 1 ರೂಪಾಯಿ ಹೆಚ್ಚು ಎಂಬ ಕ್ರಮ ಹುಟ್ಟಿದ್ದು ಇದೇ ತರ್ಕದಿಂದ. ಇಂಡಕ್ಷನ್ ಫರ್ನೇಸಿನಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ಸಂಜೆ ಕರಗಿಸುವ ಬದಲು ರಾತ್ರಿ ಕರಗಿಸಿದರೆ ಟನ್ನಿಗೆ 1,200 ರೂಪಾಯಿ ಉಳಿಯಿತು. ಫೌಂಡ್ರಿಗಳಿಗೆ ರಾತ್ರಿ ಪಾಳಿ ಲಾಭವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆ ಲಾಭಕ್ಕೆ ನಿದ್ದೆಗೆಟ್ಟವರು ಕಾರ್ಮಿಕರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೌರ ವಿದ್ಯುತ್ ಈ ಚಿತ್ರವನ್ನು ಬದಲಿಸಿತು. ಪಾವಗಡದ ಪಾರ್ಕ್ ಒಂದೇ 2,050 ಮೆಗಾವಾಟ್ ಸಾಮರ್ಥ್ಯದ್ದು. ಫಲಕ ಹಾಕಿದ ಮೇಲೆ ಅದರಿಂದ ಬರುವ ಇನ್ನೊಂದು ಯೂನಿಟ್ಟಿಗೆ ಇಂಧನದ ಖರ್ಚೇ ಇಲ್ಲ. ಸಗಟು ಮಾರುಕಟ್ಟೆಯಲ್ಲಿ ಬೆಲೆ ನಿಲ್ಲುವುದು ಆ ಹೊತ್ತಿನ ಬೇಡಿಕೆ ತುಂಬಿಸಲು ಕೊನೆಯದಾಗಿ ಬಂದ ಸ್ಥಾವರದ ಖರ್ಚಿನ ಮೇಲೆ. ಮಧ್ಯಾಹ್ನ ಸೌರ ವಿದ್ಯುತ್ತೇ ಬಹುಪಾಲು ತುಂಬಿಸಿದರೆ ದುಬಾರಿ ಸ್ಥಾವರಗಳ ಸರದಿ ಬರುವುದಿಲ್ಲ, ಬೆಲೆ ಇಳಿಯುತ್ತದೆ. ಸಂಜೆ ಆರೂವರೆಗೆ ಫಲಕಗಳು ಕೈಬಿಡುತ್ತವೆ, ದೀಪ, ಟಿವಿ, ಎಸಿ, ಅಡುಗೆಮನೆ ಎಲ್ಲ ಒಟ್ಟಿಗೆ ಎಚ್ಚರಗೊಳ್ಳುತ್ತವೆ, ಬೆಲೆ ನೆಟ್ಟಗೆ ಮೇಲೇರುತ್ತದೆ. ಕರೆಂಟಿನ ಸಗಟು ವ್ಯಾಪಾರ ನಡೆಯುವ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜಿನಲ್ಲಿ ಒಂದು ದಿನವೆಂದರೆ 15 ನಿಮಿಷದ 96 ತುಂಡುಗಳು. ಬೇಸಿಗೆಯ ಬಿಸಿ ದಿನಗಳಲ್ಲಿ ಸಂಜೆಯ, ರಾತ್ರಿಯ ತುಂಡುಗಳು ಯೂನಿಟ್ಟಿಗೆ 10 ರೂಪಾಯಿಯ ಮಿತಿಯನ್ನೇ ಮುಟ್ಟುವುದುಂಟು. ಅದೇ ದಿನದ ಮಧ್ಯಾಹ್ನದ ಬೆಲೆ ಅದರ ಒಂದು ಚೂರು ಮಾತ್ರ.

2023ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಂದ ತಿದ್ದುಪಡಿ ಈ ಬದಲಾವಣೆಯನ್ನು ಕಾಗದಕ್ಕಿಳಿಸಿತು. ದಿನದ ಸುಮಾರು 8 ಗಂಟೆಯನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಸೌರ ಅವಧಿ ಎಂದು ಗುರುತಿಸಬೇಕು. ಆಗಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಪೀಕ್ ಅವಧಿಯಲ್ಲಿ, ಅಂದರೆ ಬೇಡಿಕೆ ಅತಿ ಹೆಚ್ಚಿರುವ ಹೊತ್ತಿನಲ್ಲಿ, ವಾಣಿಜ್ಯ ಮತ್ತು ಕೈಗಾರಿಕೆಗೆ ಸಾಮಾನ್ಯ ದರದ ಕನಿಷ್ಠ 1.2 ಪಟ್ಟು, ಉಳಿದವರಿಗೆ ಕನಿಷ್ಠ 1.1 ಪಟ್ಟು. 10 ಕಿಲೋವಾಟ್ ಮೀರಿದ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ, ಕೃಷಿ ಬಿಟ್ಟು ಉಳಿದೆಲ್ಲರಿಗೆ 2025ರ ಏಪ್ರಿಲ್ 1ರಿಂದ ಎಂದು ಗಡುವು. ಸ್ಮಾರ್ಟ್ ಮೀಟರ್ ಕೂತ ಕೂಡಲೇ ಅನ್ವಯ. ರಾಜ್ಯಗಳು ತಮ್ಮ ತಮ್ಮ ವೇಗದಲ್ಲಿ ನಡೆಯುತ್ತಿವೆ. ಹಾಗಾಗಿ ನಿಮ್ಮ ಎಸ್ಕಾಂಗೆ (ಬೆಸ್ಕಾಂ, ಹೆಸ್ಕಾಂನಂಥ ವಿತರಣಾ ಕಂಪನಿಗೆ) ಈ ವರ್ಷ ಯಾವ ಹೊತ್ತು, ಯಾವ ದರ ಎಂಬುದನ್ನು ಕರ್ನಾಟಕದ ಆಯೋಗವಾದ ಕೆಇಆರ್‌ಸಿಯ ಚಾಲ್ತಿ ದರ ಆದೇಶದಲ್ಲೇ ನೋಡಿಕೊಳ್ಳಿ. ಪಕ್ಕದ ಶೆಡ್ಡಿನವರ ಬಾಯಿಮಾತು ಎರಡು ವರ್ಷ ಹಳೆಯದಿರಬಹುದು.

ಒಂದೇ ದರದಲ್ಲಿ ಉಳಿಯಬೇಕಾದವರು

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಈ ಯೋಚನೆಯೇ ಬೇಡ. ಅದನ್ನು ಬಿಟ್ಟರೆ, ಒಂದೇ ದರ ಹೊಂದುವುದು ಸಂಜೆಯ ಲೋಡು ತಮ್ಮ ಕೈಯಲ್ಲಿಲ್ಲದವರಿಗೆ.

ಬಡಾವಣೆಯ ಹಿಟ್ಟಿನ ಗಿರಣಿಯನ್ನು ನೋಡಿ. ಜನ ಕೆಲಸ ಮುಗಿಸಿಕೊಂಡು ರಾಗಿ, ಗೋಧಿಯ ಡಬ್ಬ ಹಿಡಿದು ಬರುವುದು ಆರರಿಂದ ಎಂಟರ ಒಳಗೆ. ಮೋಟರು ಮಾಲೀಕನದಾದರೂ ಅದು ತಿರುಗುವ ಹೊತ್ತನ್ನು ಗೊತ್ತುಮಾಡುವವರು ಗಿರಾಕಿಗಳು. ಡಬ್ಬ ಇಟ್ಟುಹೋಗಿ ನಾಳೆ ಮಧ್ಯಾಹ್ನ ಬೀಸಿಡುತ್ತೇನೆ ಎಂದರೆ ಅರ್ಧ ಜನ ಒಪ್ಪಬಹುದು; ಕಣ್ಣೆದುರೇ ಬೀಸಿಸಿಕೊಂಡು ಹೋಗುವ ರೂಢಿಯವರು ಇನ್ನೊಂದು ಗಿರಣಿ ಹುಡುಕುತ್ತಾರೆ. ಯೂನಿಟ್ಟಿಗೆ ಒಂದೂವರೆ ರೂಪಾಯಿ ಉಳಿಸಲು ಹೋಗಿ ಗಿರಾಕಿ ಕಳೆದುಕೊಳ್ಳುವುದು ವ್ಯಾಪಾರವಲ್ಲ. ಸಂಜೆ ತೆರೆಯುವ ಚಾಟ್ ಅಂಗಡಿ, ಜಿಮ್, ಟ್ಯೂಷನ್ ಕೇಂದ್ರಗಳದೂ ಇದೇ ಕಥೆ. ಆಯ್ಕೆ ಕೊಟ್ಟರೆ ಇವರು ಒಂದೇ ದರವನ್ನೇ ಹಿಡಿಯಲಿ. ಟಿಒಡಿ ಕಡ್ಡಾಯವಾದಾಗ ಇವರಿಗೆ ಆಗುವ ಹೊರೆಯನ್ನು ಆಯೋಗ ದರದ ವಿಚಾರಣೆಯಲ್ಲಿ ಕೇಳಿಸಿಕೊಳ್ಳಬೇಕು. ಆ ವಿಚಾರಣೆ ಸಾರ್ವಜನಿಕ, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಸಣ್ಣ ಅಂಗಡಿಗಳವರು ಅಲ್ಲಿಗೆ ಬರುವುದು ತೀರ ಕಡಿಮೆ, ಅದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಒಂದೇ ದರದ ದೊಡ್ಡ ದೋಷ ಬಿಲ್ಲಿನಲ್ಲಿ ಕಾಣುವುದಿಲ್ಲ. ಸಂಜೆ ಏಳಕ್ಕೆ 10 ರೂಪಾಯಿ ಕೊಟ್ಟು ಕೊಂಡ ಯೂನಿಟ್ಟನ್ನೂ ಮಧ್ಯಾಹ್ನ ಎರಡು ಮೂರು ರೂಪಾಯಿಗೆ ಸಿಕ್ಕ ಯೂನಿಟ್ಟನ್ನೂ ಎಸ್ಕಾಂ ಒಂದೇ ಬೆಲೆಗೆ ಮಾರುತ್ತದೆ. ಹಗಲು ಬಳಸುವವರು ಸಂಜೆ ಬಳಸುವವರ ಖರ್ಚನ್ನು ಹೊರುತ್ತಾರೆ. ಸೌರ ವಿದ್ಯುತ್ ಹೆಚ್ಚಿದಷ್ಟೂ ಈ ಅಂತರ ಹಿಗ್ಗುತ್ತದೆ.

ಟಿಒಡಿ: ಪೆನ್ನು ಹಿಡಿದು ಲೆಕ್ಕ ಹಾಕಿ

ಲೆಕ್ಕ ಸುಲಭವಾಗಲೆಂದು ಸಾಮಾನ್ಯ ದರ ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಳ್ಳೋಣ. ಕೇಂದ್ರದ ನಿಯಮದ ಕನಿಷ್ಠ ಅಂತರದಂತೆ ಸೌರ ಅವಧಿಯ 8 ಗಂಟೆಗೆ 5.60, ಪೀಕ್‌ನ 4 ಗಂಟೆಗೆ 8.40, ಉಳಿದ 12 ಗಂಟೆಗೆ 7.

ದಿನಕ್ಕೆ 1,200 ಯೂನಿಟ್ ಬಳಸುವ ಒಂದು ಕೋಲ್ಡ್ ಸ್ಟೋರೇಜ್. ಕಂಪ್ರೆಸರ್ ಹಗಲು ರಾತ್ರಿ ಒಂದೇ ಸಮನೆ ಓಡಿದರೆ ಸೌರ ಅವಧಿಗೆ 400, ಪೀಕ್‌ಗೆ 200, ಉಳಿದದ್ದಕ್ಕೆ 600 ಯೂನಿಟ್. ಬಿಲ್ 2,240, 1,680 ಮತ್ತು 4,200 ಸೇರಿ 8,120 ರೂಪಾಯಿ. ಒಂದೇ ದರವಾಗಿದ್ದರೆ 8,400. ಏನನ್ನೂ ಮುಟ್ಟದೆ ದಿನಕ್ಕೆ 280 ಉಳಿಯಿತು, ಏಕೆಂದರೆ ಅಗ್ಗದ ಗಂಟೆಗಳು ದುಬಾರಿ ಗಂಟೆಗಳಿಗಿಂತ ಹೆಚ್ಚಿವೆ. ಇನ್ನು ಮಧ್ಯಾಹ್ನ ಒಂದೆರಡು ಡಿಗ್ರಿ ಹೆಚ್ಚು ತಣಿಸಿ, ಸಂಜೆ ಬಾಗಿಲು ಭದ್ರವಾಗಿ ಮುಚ್ಚಿ, ಪೀಕ್‌ನ 200ರಲ್ಲಿ 100 ಯೂನಿಟ್ ಸರಿಸಿದರೆ ಮತ್ತೆ 280. ಪೂರ್ತಿ 200ನ್ನೂ ಸರಿಸಬಲ್ಲವರಿಗೆ ದಿನದ ಬಿಲ್ 7,560, ಅಂದರೆ ಶೇ. 10 ಇಳಿತ. ತಂಪನ್ನು ಹಿಡಿದಿಡಬಲ್ಲ ಗೋಡೆಗಳೇ ಇಲ್ಲಿ ಬ್ಯಾಟರಿಯ ಕೆಲಸ ಮಾಡುತ್ತವೆ. ಐಸ್ ಫ್ಯಾಕ್ಟರಿ, ಹಾಲಿನ ಶೀತಲೀಕರಣ ಕೇಂದ್ರ, ನೀರೆತ್ತುವ ಪಂಪ್, ಹಪ್ಪಳ ಒಣಗಿಸುವ ಡ್ರೈಯರ್: ತಂಪು, ಬಿಸಿ, ನೀರು, ಸಿದ್ಧ ಮಾಲು ಯಾವುದಾದರೊಂದನ್ನು ಕೂಡಿಡಬಲ್ಲ ಯಾವ ಉದ್ಯಮವೇ ಆಗಲಿ, ಟಿಒಡಿಯಲ್ಲಿ ಗೆಲ್ಲುತ್ತದೆ.

ಅಪಾರ್ಟ್‌ಮೆಂಟ್ ಸಂಘಗಳಿಗೂ ಇಲ್ಲಿ ಕೆಲಸವಿದೆ. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಏಳೂವರೆ ಎಚ್‌ಪಿ ಮೋಟರ್ ನಾಲ್ಕು ಗಂಟೆ ಓಡಿದರೆ 22 ಯೂನಿಟ್ಟಿನಷ್ಟು. ಸಾಮಾನ್ಯವಾಗಿ ವಾಚ್‌ಮನ್ ಅದನ್ನು ಹಾಕುವುದು ಬೆಳಗ್ಗೆ ಮತ್ತು ಸಂಜೆ, ನಲ್ಲಿಯಲ್ಲಿ ನೀರು ಕಡಿಮೆಯಾಯಿತು ಎಂದು ಮೇಲಿನ ಮಹಡಿಯಿಂದ ಫೋನ್ ಬಂದ ಮೇಲೆ. ಒಂದು ಟೈಮರ್, ಟ್ಯಾಂಕಿನಲ್ಲಿ ಒಂದು ಫ್ಲೋಟ್ ಸ್ವಿಚ್ ಇದ್ದರೆ ಇಡೀ ಕೆಲಸ ಮಧ್ಯಾಹ್ನ 11ರಿಂದ 3ರೊಳಗೆ ಮುಗಿಯುತ್ತದೆ. ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ) ಗಾಳಿಯೂದುವ ಬ್ಲೋಯರನ್ನು ಮಾತ್ರ ಹೀಗೆ ನಿಲ್ಲಿಸಬೇಡಿ. ಗಾಳಿ ಸಿಗದಿದ್ದರೆ ಅದರೊಳಗಿನ ಸೂಕ್ಷ್ಮಜೀವಿಗಳು ಸಾಯುತ್ತವೆ, ವಾಸನೆ ಇಡೀ ಕಟ್ಟಡಕ್ಕೆ ಹರಡುತ್ತದೆ.

ಎಚ್‌ಟಿ ಗ್ರಾಹಕರು ಹೆಚ್ಚಾಗಿ ಎಡವುವ ಜಾಗ ಡಿಮ್ಯಾಂಡ್ ಚಾರ್ಜ್, ಅಂದರೆ ಒಮ್ಮೆಗೆ ಎಳೆಯುವ ಗರಿಷ್ಠ ಲೋಡಿಗೆ ಕಟ್ಟುವ ಶುಲ್ಕ. ಟಿಒಡಿಯ ಕಡಿತ ಸಿಗುವುದು ಯೂನಿಟ್ಟಿನ ದರಕ್ಕೆ ಮಾತ್ರ. ಮಧ್ಯಾಹ್ನ ಅಗ್ಗವೆಂದು ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಹಾಕಿದರೆ ಆ ಲೋಡನ್ನು ಅಳೆಯುವ ಕೆವಿಎ ಏರಿ ಒಪ್ಪಂದದ ಮಿತಿ ಮೀರುತ್ತದೆ. ಆ ಸ್ವಲ್ಪ ಹೊತ್ತಿಗೆ ಬೀಳುವ ದಂಡದ ದರ ತಿಂಗಳ ಉಳಿತಾಯವನ್ನೇ ನುಂಗಬಹುದು. ಲೋಡ್ ಸರಿಸುವ ಮೊದಲು ಹಿಂದಿನ ಹನ್ನೆರಡು ಬಿಲ್ಲುಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಧ್ಯಾಹ್ನ ಎಷ್ಟು ಜಾಗ ಉಳಿದಿದೆ ಎಂಬುದು ಆಗ ತಿಳಿಯುತ್ತದೆ.

ಮನೆಗಳ ಲೆಕ್ಕ ಇದರಷ್ಟು ಉದಾರವಾಗಿಲ್ಲ. ಸಾಮಾನ್ಯ ದರ 6 ರೂಪಾಯಿ, ಸೌರ ಅವಧಿಗೆ 4.80, ಪೀಕ್‌ಗೆ 6.60 ಎಂದುಕೊಳ್ಳಿ, ದಿನಕ್ಕೆ 10 ಯೂನಿಟ್. ಹಗಲು ಮನೆಯಲ್ಲಿ ಜನವಿದ್ದು ಮಧ್ಯಾಹ್ನ 3, ಸಂಜೆ 3, ಉಳಿದ ಹೊತ್ತು 4 ಯೂನಿಟ್ ಬಳಸಿದರೆ 58.20. ಒಂದೇ ದರಕ್ಕಿಂತ ದಿನಕ್ಕೆ 1.80 ಕಡಿಮೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಮಧ್ಯಾಹ್ನ 1, ಸಂಜೆ 5 ಯೂನಿಟ್ ಆದರೆ 61.80, ಅಷ್ಟೇ ಹೆಚ್ಚು. ತಿಂಗಳಿಗೆ 54 ರೂಪಾಯಿ ಆಚೆಯೋ ಈಚೆಯೋ. ಇದಕ್ಕಾಗಿ ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಹೊತ್ತು ನೋಡುತ್ತ ಕೂರಬೇಕಾಗಿಲ್ಲ. ಕಾರು ಬಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ದಿನಕ್ಕೆ 8 ಯೂನಿಟ್ ಕುಡಿಯುವ ಎಲೆಕ್ಟ್ರಿಕ್ ಕಾರನ್ನು ಮನೆಗೆ ಬಂದ ತಕ್ಷಣ ಪ್ಲಗ್‌ಗೆ ಹಾಕುವ ಬದಲು ಮಧ್ಯಾಹ್ನ ಚಾರ್ಜ್ ಮಾಡಿದರೆ ತಿಂಗಳಿಗೆ 430 ರೂಪಾಯಿಯಷ್ಟು ವ್ಯತ್ಯಾಸ. ಮಧ್ಯಾಹ್ನ ಕಾರು ಇರುವುದು ಆಫೀಸಿನಲ್ಲಿ. ಆದ್ದರಿಂದ ಚಾರ್ಜರ್ ಹಾಕಿಸಬೇಕಾದ ಜಾಗ ಆಫೀಸಿನ ಪಾರ್ಕಿಂಗೇ ಹೊರತು ಮನೆಯ ಗೇಟಲ್ಲ. ಚಾರ್ಜಿಂಗ್ ಕೇಂದ್ರಗಳಿಗೆ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತು 1.3 ಪಟ್ಟು ದರವಿರಲಿ ಎಂದು ಕೇಂದ್ರದ 2024ರ ಮಾರ್ಗಸೂಚಿ ಹೇಳಿರುವುದು ಇದೇ ಕಾರಣಕ್ಕೆ.

ಕಾಸರಗೋಡಿನ ಕನ್ನಡಿಗರು ಈಗಾಗಲೇ ಇದರೊಳಗಿದ್ದಾರೆ. ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ ಮೀರಿದ ಮನೆಗಳಿಗೆ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಶೇ. 10 ಕಡಿತ, ಸಂಜೆ 6ರಿಂದ 10ರವರೆಗೆ ಶೇ. 25 ಹೆಚ್ಚಳ, ರಾತ್ರಿ ಸಾಮಾನ್ಯ ದರ. ಅಲ್ಲಿ ಎಸಿಯನ್ನು ಒಂಬತ್ತಕ್ಕೆ ಹಾಕುವುದಕ್ಕೂ ಹತ್ತಕ್ಕೆ ಹಾಕುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸವಿದೆ. ಸೊಲ್ಲಾಪುರ, ಜತ್ತದ ಕಡೆಯವರಿಗೆ ಮಹಾರಾಷ್ಟ್ರದಲ್ಲಿ ಸ್ಮಾರ್ಟ್ ಮೀಟರ್ ಇದ್ದರೆ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ರಿಯಾಯಿತಿ ಇದೆ.

ಗಂಟೆಗೊಂದು ದರ: ಹೊರದೇಶದವರ ಆಯ್ಕೆ

ಜರ್ಮನಿಯಲ್ಲಿ 2025ರ ಜನವರಿಯಿಂದ ಪ್ರತಿಯೊಂದು ವಿದ್ಯುತ್ ಪೂರೈಕೆದಾರನೂ ಸಗಟು ಬೆಲೆಯಂತೆ ಬದಲಾಗುವ ದರವೊಂದನ್ನು ಕೊಡಲೇಬೇಕು. ಸ್ಮಾರ್ಟ್ ಮೀಟರ್ ಇದ್ದವರು ಆರಿಸಿಕೊಳ್ಳಬಹುದು. 2024ರಲ್ಲಿ ಅಲ್ಲಿನ ಸಗಟು ಬೆಲೆ 457 ಗಂಟೆಗಳ ಕಾಲ ಸೊನ್ನೆಗಿಂತ ಕೆಳಗಿತ್ತು. ಕರೆಂಟು ಬಳಸಿದ್ದಕ್ಕೆ ದುಡ್ಡು ಸಿಗುತ್ತದೆ ಎಂದು ಇದನ್ನು ಓದಿಕೊಳ್ಳಬೇಡಿ. ಕರೆಂಟ್ ಒಯ್ಯುವ ತಂತಿ ಜಾಲದ ಶುಲ್ಕ, ತೆರಿಗೆಗಳು ಯೂನಿಟ್ಟಿನ ಬೆಲೆಯ ಅರ್ಧಕ್ಕಿಂತ ಹೆಚ್ಚು, ಅವು ಆ ಗಂಟೆಗಳಲ್ಲೂ ಬಿಡುವುದಿಲ್ಲ. ಅದೇ ವರ್ಷದ ಡಿಸೆಂಬರ್ 12ರ ಸಂಜೆ, ಮೋಡ ಕವಿದು ಗಾಳಿಯೂ ನಿಂತಾಗ, ಸಗಟು ಬೆಲೆಯೇ ಯೂನಿಟ್ಟಿಗೆ 93 ಸೆಂಟ್ ದಾಟಿತು. ಬ್ರಿಟನ್ನಿನಲ್ಲಿ ಆಕ್ಟೋಪಸ್ ಕಂಪನಿಯ ಅಜೈಲ್ ದರ ಅರ್ಧ ಗಂಟೆಗೊಮ್ಮೆ ಬದಲಾಗುತ್ತದೆ, ನಾಳೆಯ ಬೆಲೆ ಇಂದು ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ, ಯೂನಿಟ್ಟಿಗೆ 100 ಪೆನ್ಸ್ ಮಿತಿಯೂ ಇದೆ.

ಮಿತಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಸ್ ಸಾಕ್ಷಿ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಸಗಟು ಬೆಲೆ ದಿನಗಟ್ಟಲೆ ಯೂನಿಟ್ಟಿಗೆ 9 ಡಾಲರಿನಲ್ಲಿ ನಿಂತಿತು. ಗ್ರಿಡ್ಡಿ ಎಂಬ ಕಂಪನಿಯ ಮೂಲಕ ಆ ಬೆಲೆಯನ್ನೇ ನೇರವಾಗಿ ಕೊಡುತ್ತಿದ್ದ ಮನೆಗಳಿಗೆ ಕೆಲವೇ ದಿನಗಳಲ್ಲಿ ಸಾವಿರಾರು ಡಾಲರಿನ ಬಿಲ್ ಬಂತು. ಕಂಪನಿ ಮುಂದಿನ ತಿಂಗಳೇ ದಿವಾಳಿ ಎದ್ದಿತು; ಮನೆಗಳಿಗೆ ಇಂಥ ದರ ಮಾರುವುದನ್ನು ಅಲ್ಲಿನ ಶಾಸಕಾಂಗ ಅದೇ ವರ್ಷ ನಿಷೇಧಿಸಿತು. ಕೊರೆಯುವ ಚಳಿಯಲ್ಲಿ ಹೀಟರ್ ಆರಿಸಿ ಎಂದು ಬೆಲೆಯ ಮೂಲಕ ಹೇಳುವುದು ಅರ್ಥಶಾಸ್ತ್ರದ ಪುಟದಲ್ಲಿ ಸರಿ ಕಾಣಬಹುದು, ಮಕ್ಕಳಿರುವ ಮನೆಗೆ ಅದು ಕ್ರೌರ್ಯ.

ಮ್ಯೂನಿಕ್‌ನಲ್ಲೋ ಮ್ಯಾಂಚೆಸ್ಟರಿನಲ್ಲೋ ಇರುವ ಓದುಗರಿಗೆ ನನ್ನ ಸಲಹೆ: ಎಲೆಕ್ಟ್ರಿಕ್ ಕಾರು, ಹೀಟ್ ಪಂಪ್, ಮನೆಯ ಬ್ಯಾಟರಿ ಈ ಮೂರರಲ್ಲಿ ಒಂದಾದರೂ ಇದ್ದು, ಅದು ತಾನಾಗಿ ಬೆಲೆ ನೋಡಿ ಓಡುವಂತಿದ್ದರೆ ಗಂಟೆಯ ದರಕ್ಕೆ ಹೋಗಿ. ಬರೀ ವಾಷಿಂಗ್ ಮಷಿನ್, ಡಿಶ್‌ವಾಷರ್ ನಂಬಿ ಹೋಗಬೇಡಿ. ಮೇಲ್ಮಿತಿ ಇಲ್ಲದ ಒಪ್ಪಂದವಂತೂ ಬೇಡವೇ ಬೇಡ.

ಮೊದಲೇ ಗೊತ್ತುಮಾಡಿದ ಹೊತ್ತುಗಳಲ್ಲೂ ಒಂದು ತೊಡಕಿದೆ, ಅವು ಬೇಗ ಹಳತಾಗುತ್ತವೆ. ಸ್ಪೇನ್ 2021ರ ಜೂನ್‌ನಲ್ಲಿ ಜಾಲದ ಶುಲ್ಕಕ್ಕೆ ಮಾಡಿದ ವೇಳಾಪಟ್ಟಿಯಲ್ಲಿ ಬೆಳಗ್ಗೆ 10ರಿಂದ ಮಧ್ಯಾಹ್ನ 2 ಅತಿ ದುಬಾರಿ ಹೊತ್ತುಗಳಲ್ಲೊಂದು, ಮಧ್ಯರಾತ್ರಿಯಿಂದ ಬೆಳಗ್ಗೆ 8 ಅತಿ ಅಗ್ಗ. ಸೌರ ಫಲಕಗಳು ದೇಶ ತುಂಬಿದ ಮೇಲೆ ವಸಂತದ ಮಧ್ಯಾಹ್ನ ಸಗಟು ಬೆಲೆ ಸೊನ್ನೆಯ ಹತ್ತಿರವಿರುವಾಗಲೂ ಆ ಶುಲ್ಕ ಜನರನ್ನು ರಾತ್ರಿಯ ಕಡೆಗೇ ತಳ್ಳುತ್ತಿತ್ತು. ದಕ್ಷಿಣ ಆಸ್ಟ್ರೇಲಿಯಾ ಇದಕ್ಕೆ ತದ್ವಿರುದ್ಧವಾಗಿ ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಜಾಲದ ಶುಲ್ಕವನ್ನೇ ಇಳಿಸಿತು. ಕರ್ನಾಟಕದ ರಾತ್ರಿ ರಿಯಾಯಿತಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಮಳೆಗಾಲದಲ್ಲಿ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಜೋರಾಗಿ ತಿರುಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿಯ ರಿಯಾಯಿತಿಗೆ ಅರ್ಥವಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಷ್ಟಾಗಿ ಇಲ್ಲ. ಋತುವಿಗೊಂದು ಪಟ್ಟಿ ಇದ್ದರೆ ಒಳ್ಳೆಯದು.

ಬೆಲೆಯೇ ತಲುಪದ ಪಂಪ್‌ಸೆಟ್

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಕರೆಂಟು ಉಚಿತ, ಹಣ ಸರ್ಕಾರ ತುಂಬುತ್ತದೆ. ಇಲ್ಲಿ ದರದ ಮಾತು ರೈತನಿಗೆ ಕೇಳಿಸುವುದಿಲ್ಲ, ಕೇಳಿಸುವುದು ತ್ರೀ ಫೇಸ್ ಯಾವಾಗ ಬರುತ್ತದೆ ಎಂಬುದು ಮಾತ್ರ. ಏಳು ಗಂಟೆಯ ತ್ರೀ ಫೇಸನ್ನು ಹಗಲಿಗೆ ತಂದರೆ ಆಯಿತು, ಯಾವ ಟಿಒಡಿಯೂ ಮಾಡಲಾರದಷ್ಟು ಲೋಡು ಒಂದೇ ಏಟಿಗೆ ಸೌರ ಅವಧಿಗೆ ಬಂದುಬಿಡುತ್ತದೆ. ಕೇಂದ್ರದ ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರುಗಳಿಗೇ (ಪಂಪ್‌ಸೆಟ್‌ಗಳಿಗೆ ಕರೆಂಟ್ ಒಯ್ಯುವ ಲೈನುಗಳಿಗೇ) ಸೌರ ಸ್ಥಾವರ ಜೋಡಿಸುವ ಕೆಲಸದ ಉದ್ದೇಶ ಇದೇ. ನಡುರಾತ್ರಿ ಬ್ಯಾಟರಿ ಹಿಡಿದು, ಹಾವು ತುಳಿಯುವ ಭಯದಲ್ಲಿ, ಮಲೆನಾಡಿನ ಅಂಚಿನಲ್ಲಿ ಆನೆಯ ಭಯದಲ್ಲಿ ತೋಟಕ್ಕೆ ನೀರು ಬಿಡಲು ಹೋಗುವುದು ತಪ್ಪುತ್ತದಲ್ಲ, ಆ ಲಾಭಕ್ಕೆ ನಾನು ಯೂನಿಟ್ಟಿನ ಲೆಕ್ಕಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತೇನೆ.

ಹೊತ್ತು ಸರಿಸುವುದೋ, ಕೂಡಿಡುವುದೋ

ಮಧ್ಯಾಹ್ನದ ಯೂನಿಟ್ಟನ್ನು ಸಂಜೆಗೆ ಒಯ್ಯಲು ಬ್ಯಾಟರಿಯೂ ಇದೆ. ಮನೆಗೆ ಅದನ್ನು ಟಿಒಡಿ ಉಳಿತಾಯಕ್ಕೆಂದೇ ಕೊಳ್ಳುವುದು ಸದ್ಯ ಲಾಭವಲ್ಲ. ಮೇಲಿನ ಲೆಕ್ಕದಲ್ಲಿ ಯೂನಿಟ್ಟಿಗೆ ಉಳಿಯುವುದು 1.80 ಮಾತ್ರ, ತುಂಬಿ ತೆಗೆಯುವಾಗ ಒಂದಿಷ್ಟು ಸೋರಿಯೂ ಹೋಗುತ್ತದೆ. ಪವರ್ ಕಟ್‌ಗೆ ಯುಪಿಎಸ್ ಹೇಗೂ ಬೇಕು ಎನ್ನುವವರ ಮಾತು ಬೇರೆ. ಚಾವಣಿ ಸೌರಕ್ಕೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ನೆಟ್ ಮೀಟರಿಂಗ್‌ನಲ್ಲಿ (ಜಾಲಕ್ಕೆ ಕೊಟ್ಟ ಯೂನಿಟ್ಟನ್ನು ಬಳಸಿದ್ದರಲ್ಲಿ ಕಳೆಯುವ ಕ್ರಮದಲ್ಲಿ) ಒಂದೇ ದರ ಇರುವಾಗ ಮಧ್ಯಾಹ್ನ ಕೊಟ್ಟ ಯೂನಿಟ್ಟು ಸಂಜೆಯದಕ್ಕೆ ಸಮ. ಟಿಒಡಿಗೆ ಹೋದರೆ ಅದು ಅಗ್ಗದ ಹೊತ್ತಿನ ಯೂನಿಟ್ಟಾಗಬಹುದು. ಫಲಕ ಹಾಕಿಸಿದವರು ಇದನ್ನು ಕೇಳಿಯೇ ದರ ಬದಲಿಸಬೇಕು.

ರಾಜ್ಯದ ಮಟ್ಟದಲ್ಲಿ ಕೂಡಿಡುವ ಬೆಲೆ ಇನ್ನೂ ದೊಡ್ಡದು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಉದ್ದೇಶವೂ ಇದೇ: ಅಗ್ಗದ ಹೊತ್ತಿನಲ್ಲಿ ನೀರು ಮೇಲೇರಿಸಿ ಸಂಜೆ ಇಳಿಸುವುದು. ಅದು ಸಿಂಗಳೀಕಗಳ ಅಭಯಾರಣ್ಯದ ಕಾಡನ್ನು ಮುಟ್ಟುತ್ತದೆ, ವಿರೋಧವೂ ಗಟ್ಟಿಯಾಗಿದೆ. ಬೆಂಗಳೂರಿನ ಸಂಪು ಮೋಟರುಗಳು, ಕೋಲ್ಡ್ ಸ್ಟೋರೇಜುಗಳು, ಆಫೀಸಿನ ಚಾರ್ಜರುಗಳು ಮಧ್ಯಾಹ್ನಕ್ಕೆ ಸರಿದಷ್ಟೂ ಕೂಡಿಡಬೇಕಾದ ಪ್ರಮಾಣ ಇಳಿಯುತ್ತದೆ. ಕಾಡು ಕಡಿಯುವ ಮೊದಲು ಸರ್ಕಾರ ಆ ಅಗ್ಗದ ದಾರಿಯನ್ನು ಪೂರ್ತಿ ಬಳಸಿ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅರ್ಜಿಗೆ ಸಹಿ ಹಾಕುವ ಮುನ್ನ

ಟಿಒಡಿ ನಿಮಗೆ ಐಚ್ಛಿಕವಾಗಿದ್ದರೆ ಮೊದಲು ಮೀಟರ್ ಹೊತ್ತುವಾರು ಬಳಕೆ ದಾಖಲಿಸುತ್ತದೆಯೇ ಎಂದು ನೋಡಿ. ದಾಖಲಿಸುತ್ತಿದ್ದರೆ ಆ ಅಂಕಿಗಳನ್ನು ಉಪವಿಭಾಗದ ಕಚೇರಿಯಲ್ಲಿ ಕೇಳಿ ಪಡೆಯಿರಿ. ಇಲ್ಲದಿದ್ದರೆ ಒಂದು ವಾರ ಬೆಳಗ್ಗೆ 9, ಸಂಜೆ 5, ಸಂಜೆ 6, ರಾತ್ರಿ 10ಕ್ಕೆ ಮೀಟರಿನ ಅಂಕಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮೇಲಿನ ಲೆಕ್ಕಕ್ಕೆ ಅಷ್ಟು ಸಾಕು. ಸಂಜೆ 6ರಿಂದ 10ರ ಬಳಕೆ ಬೆಳಗ್ಗೆ 9ರಿಂದ ಸಂಜೆ 5ರ ಬಳಕೆಗಿಂತ, ಮನೆಯಾದರೆ ಅದರ ಎರಡು ಪಟ್ಟಿಗಿಂತ, ಹೆಚ್ಚಿದ್ದು, ಸರಿಸಲೂ ಆಗದಿದ್ದರೆ ಇದ್ದಲ್ಲೇ ಇರಿ. ಕಡಿಮೆಯಿದ್ದರೆ ಅರ್ಜಿ ಕೊಡಿ. ಮಳೆಗಾಲದ ಬಳಕೆ ಬೇಸಿಗೆಯದಕ್ಕಿಂತ ಬೇರೆ ಇರುವ ಉದ್ಯಮವಾದರೆ ಎರಡೂ ಕಾಲದ ಅಂಕಿ ಬೇಕು. ಹಿಂದಿನ ದರಕ್ಕೆ ಮರಳಬೇಕೆಂದರೆ ಎಷ್ಟು ತಿಂಗಳು ಕಾಯಬೇಕು ಎಂಬುದನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.